ಸುದ್ದಿ ನೋಡಿ ನೋಡಿ ಸುಸ್ತಾಗಿದೆಯಾ? ಪೂರ್ತಿ ಬಿಡದೆ ಕಡಿಮೆ ಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಟಿವಿ ಹಾಕಿದರೆ ಕೂಗಾಟ. ಫೋನ್ ಎತ್ತಿಕೊಂಡರೆ ಕೆಂಪು ಅಕ್ಷರದ 'ಬ್ರೇಕಿಂಗ್'. ಗ್ರೂಪ್ ತೆರೆದರೆ ಯಾರೋ ಕಳಿಸಿದ ವಿಡಿಯೊ, ಅದರ ಕೆಳಗೆ ಇನ್ಯಾರದೋ ಜಗಳ. ಅರ್ಧ ಗಂಟೆ ಕಳೆದ ಮೇಲೆ ಹೊಸದಾಗಿ ಏನು ತಿಳಿಯಿತು ಅಂತ ಕೇಳಿಕೊಂಡರೆ ಹೇಳೋಕೆ ಏನೂ ಇರುವುದಿಲ್ಲ, ತಲೆ ಮಾತ್ರ ಚಿಟ್ಟು ಹಿಡಿದಿರುತ್ತದೆ. ಅದರ ಜೊತೆಗೆ, ಈಗ ನೋಡಿದ್ದರಲ್ಲಿ ನಿಜ ಎಷ್ಟು ಅನ್ನೋ ಅನುಮಾನ ಬೇರೆ.

ಇದು ನಿಮ್ಮೊಬ್ಬರ ಕಥೆ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಪ್ರತಿ ವರ್ಷ ಹತ್ತಾರು ದೇಶಗಳಲ್ಲಿ ಸಮೀಕ್ಷೆ ಮಾಡುತ್ತದೆ. ಆಗಾಗಲೋ ಕೆಲವೊಮ್ಮೆಯೋ ಬೇಕಂತಲೇ ಸುದ್ದಿ ತಪ್ಪಿಸುತ್ತೇನೆ ಅಂದವರು 2017ರಲ್ಲಿ ಶೇ 29ರಷ್ಟಿದ್ದರು, 2025ರಲ್ಲಿ ಶೇ 40 ಆಗಿದ್ದಾರೆ. ಸುದ್ದಿಯನ್ನು ಹೆಚ್ಚಾಗಿ ನಂಬಬಹುದು ಅನ್ನುವವರೂ ಈಗ ಹತ್ತರಲ್ಲಿ ನಾಲ್ಕು ಜನ ಮಾತ್ರ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಸುದ್ದಿಯನ್ನು ನಂಬುತ್ತೇವೆ ಅಂತ ಹೇಳುತ್ತಿಲ್ಲ!

ಹಾಗಂತ ಸುದ್ದಿಯನ್ನೇ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಪೂರ್ತಿ ಬಿಟ್ಟವರು ಸಾಮಾನ್ಯವಾಗಿ ಮುಂದಿನ ದೊಡ್ಡ ಘಟನೆಗೆ ಎರಡು ಪಟ್ಟು ಜೋರಾಗಿ ವಾಪಸ್ ಬರುತ್ತಾರೆ. ನನ್ನ ಲೆಕ್ಕದಲ್ಲಿ ಬದಲಾಯಿಸಬೇಕಾದ್ದು ಒಂದೇ ಒಂದು. ಈಗ ಸುದ್ದಿ ನಿಮ್ಮನ್ನು ಹುಡುಕಿಕೊಂಡು ಬರುತ್ತಿದೆ. ಇನ್ನು ಮುಂದೆ ನಿಮಗೆ ಬೇಕಾದಾಗ ನೀವೇ ಹೋಗಿ ನೋಡುವ ಹಾಗಾಗಬೇಕು. ಕೆಳಗಿರುವ ಹಂತಗಳೆಲ್ಲ ಅದಕ್ಕೇ.

ಮೊದಲು: ನಿಮ್ಮದು ಸುಸ್ತೋ, ಅಪನಂಬಿಕೆಯೋ?

ಎರಡೂ ಒಂದೇ ಅನ್ನಿಸುತ್ತವೆ, ಆದರೆ ಮದ್ದು ಬೇರೆ ಬೇರೆ. ಓದುವುದು ಒಳ್ಳೆಯ ಕಡೆಯಿಂದಲೇ, ಬರುವುದೂ ನಿಜವೇ, ಆದರೂ ಯುದ್ಧ, ಸಾವು, ಅಪಘಾತ ಓದಿ ಓದಿ ಮನಸ್ಸು ಕುಗ್ಗುತ್ತಿದೆ ಅಂದರೆ ಅದು ಸುಸ್ತು. ಇದಕ್ಕೆ ಪ್ರಮಾಣ ಕಡಿಮೆ ಮಾಡಬೇಕು. ಒಂದೇ ಘಟನೆಯನ್ನು ಎರಡು ಚಾನೆಲ್‌ಗಳು ಎರಡು ಥರ ಹೇಳುತ್ತವೆ, ಯಾರನ್ನು ನಂಬಬೇಕೋ ಗೊತ್ತಾಗುತ್ತಿಲ್ಲ, ಎಲ್ಲರೂ ಯಾರದೋ ಪರ ಮಾತಾಡುತ್ತಿದ್ದಾರೆ ಅನ್ನಿಸುತ್ತಿದೆ ಅಂದರೆ ಅದು ಅಪನಂಬಿಕೆ. ಇದಕ್ಕೆ ಪ್ರಮಾಣ ಇಳಿಸಿದರೆ ಸಾಲದು, ಓದುವ ಜಾಗ ಬದಲಾಯಿಸಬೇಕು.

ಬಹಳ ಜನರಿಗೆ ಎರಡೂ ಇರುತ್ತವೆ. ಅವರು ಸುಸ್ತಿನಿಂದ ಶುರು ಮಾಡುವುದು ಒಳ್ಳೆಯದು. ದಣಿದ ತಲೆಯಲ್ಲಿ ಕೂತು ಯಾರು ನಿಜ ಹೇಳುತ್ತಿದ್ದಾರೆ ಅಂತ ತೂಗಿ ನೋಡಲು ಆಗುವುದಿಲ್ಲ.

ಹಂತ 1: ಏನನ್ನೂ ಬದಲಾಯಿಸದೆ ಸುಮ್ನೆ ಗಮನಿಸಿ

ಕೆಲವು ದಿನ ಈಗ ಹೇಗಿದ್ದೀರೋ ಹಾಗೇ ಇರಿ. ಫೋನ್ ಎಷ್ಟು ಹೊತ್ತು ನೋಡಿದಿರಿ ಅಂತ ಲೆಕ್ಕ ಇಡುವ ವ್ಯವಸ್ಥೆ 2018ರಿಂದ ಫೋನಿನಲ್ಲೇ ಇದೆ. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್. ಆದರೆ ಅದು ನಿಮಿಷ ಮಾತ್ರ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಹಾಗಾಗಿ ಒಂದು ಚೀಟಿ ಇಟ್ಟುಕೊಳ್ಳಿ. ಪ್ರತಿ ಸಲ ಸುದ್ದಿ ನೋಡಿದಾಗ ಎರಡು ವಿಷಯ ಬರೆಯಿರಿ: ನಾನಾಗಿ ಹೋದೆನಾ ಅಥವಾ ಅದಾಗಿ ಬಂತಾ? ನೋಡಿದ ಮೇಲೆ ನಾನು ಏನಾದರೂ ಬೇರೆ ಥರ ಮಾಡಿದೆನಾ?

ಎರಡನೇ ಪ್ರಶ್ನೆ ಸ್ವಲ್ಪ ಕಟುವಾದದ್ದು. ಮಳೆ ಮುನ್ಸೂಚನೆ ನೋಡಿ ಪ್ರಯಾಣ ಮುಂದೂಡಿದ್ದು, ಹೊಸ ತೆರಿಗೆ ನಿಯಮ ಓದಿ ಲೆಕ್ಕ ತಿದ್ದಿದ್ದು, ಯಾರಿಗೆ ವೋಟು ಹಾಕಬೇಕು ಅಂತ ಯೋಚಿಸಿದ್ದು ಇದರಲ್ಲಿ ಸೇರುತ್ತವೆ. ನಟನೊಬ್ಬನ ವಿಚ್ಛೇದನ ಸೇರುವುದಿಲ್ಲ. ದೂರದ ಯುದ್ಧದ ಹದಿನೇಳನೇ ವಿಡಿಯೊ ಕೂಡ ಸೇರುವುದಿಲ್ಲ, ನೋಡಿದಾಗ ಎಷ್ಟೇ ನೋವಾಗಿರಲಿ. ಆ ಯುದ್ಧದ ಬಗ್ಗೆ ಒಂದು ಒಳ್ಳೆಯ ಲೇಖನ ಓದಿದ್ದರೆ ಅದು ಸೇರಬಹುದು.

ಚೀಟಿ ತುಂಬಿದಾಗ ಬಹುಪಾಲು ಸುದ್ದಿ ನೀವು ಕೇಳದೇ ಬಂದದ್ದು ಅಂತ ಕಾಣಿಸುತ್ತದೆ. ಯಾವ ಆ್ಯಪ್, ಯಾವ ಗ್ರೂಪ್, ದಿನದ ಯಾವ ಹೊತ್ತು ಅನ್ನುವುದೂ ಬಯಲಾಗುತ್ತದೆ. ಮುಂದಿನ ಹಂತಕ್ಕೆ ಆ ಚೀಟಿ ಬೇಕು, ಎಸೆಯಬೇಡಿ.

ಹಂತ 2: ತಾನಾಗಿ ಬರುವ ದಾರಿಗಳನ್ನು ಮುಚ್ಚಿ

ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವ ಹಂತ ಇದು. ಇದೊಂದನ್ನೇ ಮಾಡಿ ಉಳಿದದ್ದು ಬಿಟ್ಟರೂ ಅರ್ಧ ಭಾರ ಇಳಿಯುತ್ತದೆ. ಒಂದೇ ಸಲ ಕೂತು ಮುಗಿಸಿಬಿಡಿ.

ನೋಟಿಫಿಕೇಷನ್‌ನಿಂದ ಶುರು ಮಾಡಿ. ಆಂಡ್ರಾಯ್ಡ್‌ನಲ್ಲಿ ಸುದ್ದಿಯ ನೋಟಿಫಿಕೇಷನ್ ಬಂದಾಗ ಅದನ್ನು ತಳ್ಳಿಹಾಕುವ ಬದಲು ಒತ್ತಿ ಹಿಡಿಯಿರಿ. ಆ ಆ್ಯಪ್‌ನ ನೋಟಿಫಿಕೇಷನ್ ಬಂದ್ ಮಾಡುವ ಆಯ್ಕೆ ಅಲ್ಲೇ ಕಾಣಿಸುತ್ತದೆ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಆಮೇಲೆ ನೋಟಿಫಿಕೇಷನ್ಸ್, ಅಲ್ಲಿ ಆ್ಯಪ್‌ನ ಹೆಸರು ಒತ್ತಿ ಆಫ್ ಮಾಡಿ. ಪೂರ್ತಿ ಆಫ್ ಮಾಡಲು ಭಯವಾದರೆ ಅದೇ ನೋಟಿಫಿಕೇಷನ್ಸ್ ಪುಟದಲ್ಲಿ ಶೆಡ್ಯೂಲ್ಡ್ ಸಮರಿ ಅಂತ ಇದೆ. ನೀವು ಹೇಳಿದ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ.

ಆ್ಯಪ್ ಇಲ್ಲದಿದ್ದರೂ ಸುದ್ದಿ ಬರುತ್ತಿದೆಯಾ? ಹಾಗಾದರೆ ಯಾವತ್ತೋ ಯಾವುದೋ ವೆಬ್‌ಸೈಟ್‌ನಲ್ಲಿ 'ಅಲೋ' ಒತ್ತಿರುತ್ತೀರಿ. ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಅಂತ ಹೋದರೆ ಅನುಮತಿ ಪಡೆದ ಸೈಟುಗಳ ಪಟ್ಟಿ ಸಿಗುತ್ತದೆ. ಹೆಸರೇ ನೆನಪಿಲ್ಲದ ಸೈಟುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ, ಎಲ್ಲವನ್ನೂ ಬ್ಲಾಕ್ ಮಾಡಿ. ಗೂಗಲ್ ಆ್ಯಪ್‌ನಲ್ಲಿ, ಅಥವಾ ಹೋಮ್ ಸ್ಕ್ರೀನನ್ನು ಬಲಕ್ಕೆ ಸರಿಸಿದರೆ ಎಡಗಡೆಯಿಂದ ಬರುವ ಡಿಸ್ಕವರ್ ಅನ್ನೋ ಸುದ್ದಿ ಪಟ್ಟಿಯನ್ನೂ ಮರೆಯಬೇಡಿ. ಗೂಗಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬಹುದು.

ಯೂಟ್ಯೂಬ್‌ಗೆ ಒಂದು ಉಪಾಯವಿದೆ, ಬಹಳ ಜನರಿಗೆ ಗೊತ್ತಿಲ್ಲ. ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನೂ ಅಳಿಸಿದರೆ 2023ರಿಂದ ಹೋಮ್ ಪುಟ ಹೆಚ್ಚುಕಡಿಮೆ ಖಾಲಿಯಾಗಿ ಬರುತ್ತದೆ. ನಿಮಗೆ ಬೇಕಾದ್ದನ್ನು ನೀವೇ ಹುಡುಕಿ ನೋಡಬೇಕು. ಇದು ಜಾಸ್ತಿಯಾಯಿತು ಅನ್ನಿಸಿದರೆ ಆಟೊಪ್ಲೇ ಆಫ್ ಮಾಡಿ, ಕೂಗುವ ಚಾನೆಲ್‌ಗಳ ಪಕ್ಕದ ಮೂರು ಚುಕ್ಕಿ ಒತ್ತಿ 'ಈ ಚಾನೆಲ್ ಶಿಫಾರಸು ಮಾಡಬೇಡ' ಅನ್ನೋ ಆಯ್ಕೆ ಆರಿಸಿ.

ವಾಟ್ಸ್‌ಆ್ಯಪ್ ಗ್ರೂಪ್ ಬಿಟ್ಟು ಹೊರಗೆ ಬಂದರೆ ನೆಂಟಸ್ತಿಕೆಗೇ ಕುತ್ತು, ಅಲ್ವಾ? ಬಿಡಬೇಡಿ. ಮ್ಯೂಟ್ ಮಾಡುವಾಗ ಎಂಟು ಗಂಟೆ, ಒಂದು ವಾರ ಅಲ್ಲದೆ 'ಯಾವಾಗಲೂ' ಅನ್ನೋ ಆಯ್ಕೆಯೂ ಇದೆ, ಅದನ್ನು ಒತ್ತಿ. ಆಮೇಲೆ ಆರ್ಕೈವ್ ಮಾಡಿ. ಹೊಸ ಮೆಸೇಜ್ ಬಂದರೂ ಗ್ರೂಪ್ ಮೇಲಕ್ಕೆ ಜಿಗಿಯದೆ ಅಲ್ಲೇ ಇರುತ್ತದೆ. ನೀವು ಹೀಗೆ ಮಾಡಿದ್ದು ಬೇರೆಯವರಿಗೆ ಗೊತ್ತಾಗುವುದೂ ಇಲ್ಲ.

ಇನ್ನು ಟಿವಿ. ಹಿನ್ನೆಲೆಯಲ್ಲಿ ಸುದ್ದಿ ಚಾನೆಲ್ ಓಡುತ್ತಿರುವ ಮನೆಗಳಲ್ಲಿ ಯಾರೂ ನೋಡುತ್ತಿರುವುದಿಲ್ಲ, ಆದರೆ ಎಲ್ಲರ ಕಿವಿಗೂ ಬೀಳುತ್ತಿರುತ್ತದೆ. ಶಬ್ದ ಬೇಕಾದರೆ ಹಾಡು ಹಾಕಿ.

ಇಷ್ಟೆಲ್ಲ ಬೇಕಾ ಅಂತ ಕೇಳಬಹುದು. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದಾ? ಸಾಲದು. ಕೆಳಕ್ಕೆ ಎಳೆದಷ್ಟೂ ಮುಗಿಯದ ಪುಟವನ್ನು 2006ರ ಸುಮಾರಿಗೆ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದರ ಬಗ್ಗೆ ತಾವೇ ಬೇಸರ ಪಟ್ಟುಕೊಂಡಿದ್ದಾರೆ. ಪ್ರತಿ ಸಲ ಏನಾದರೂ ಸಿಗುವುದಕ್ಕಿಂತ ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದಾಗ ಪ್ರಾಣಿಗಳು ಜಾಸ್ತಿ ಹೊತ್ತು ಬಿಡದೆ ಗುಂಡಿ ಒತ್ತುತ್ತವೆ ಅಂತ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಹೊಸ ಸುದ್ದಿಗಾಗಿ ಪುಟ ಎಳೆದು ಬಿಡುವ ಬೆರಳು ಮಾಡುತ್ತಿರುವುದೂ ಅದೇ ಕೆಲಸ.

ಹಂತ 3: ಒಂದು ಹೊತ್ತು ಗೊತ್ತು ಮಾಡಿ

ದಿನಕ್ಕೆ ಒಂದು ಸಲ, ಇಪ್ಪತ್ತರಿಂದ ಮೂವತ್ತು ನಿಮಿಷ. ಎದ್ದ ತಕ್ಷಣ ಬೇಡ, ಮಲಗುವ ಮುಂಚೆ ಅಂತೂ ಬೇಡವೇ ಬೇಡ. ಸಂಜೆ ಕೆಲಸ ಮುಗಿದ ಮೇಲೆ ಇಟ್ಟುಕೊಂಡರೆ ಬೆಳಗ್ಗೆಯ ಅಂತೆಕಂತೆಗಳಲ್ಲಿ ಅರ್ಧ ಅಷ್ಟು ಹೊತ್ತಿಗೆ ತಾವೇ ಉದುರಿಹೋಗಿರುತ್ತವೆ. ಎಲ್ಲಾದರೂ ಬೆಂಕಿ ಬಿತ್ತು ಅಂದುಕೊಳ್ಳಿ. ಮೊದಲ ಗಂಟೆಯಲ್ಲಿ ಸತ್ತವರ ಸಂಖ್ಯೆ ಒಂದೊಂದು ಕಡೆ ಒಂದೊಂದು, ಕಾರಣ ನಾಲ್ಕು ಥರ, ಜೊತೆಗೆ ಎಲ್ಲೋ ಯಾವತ್ತೋ ನಡೆದದ್ದರ ವಿಡಿಯೊ. ಸಂಜೆ ಓದುವವರಿಗೆ ಖಚಿತವಾದ ಒಂದು ಪುಟ ಸಿಗುತ್ತದೆ. ಬೆಳಗ್ಗೆಯಿಂದ ಕಾದು ಕೂತವರು ಗುಡ್ಡ ಅಗೆದು ಇಲಿ ಹಿಡಿದಂತೆ ಅದೇ ಒಂದು ಪುಟಕ್ಕೆ ಬಂದು ನಿಲ್ಲುತ್ತಾರೆ.

ಲೈವ್ ನೋಡುತ್ತಾ ಕೂರುವುದರಿಂದ ಆಗುವ ಪೆಟ್ಟು ಚಿಕ್ಕದಲ್ಲ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾಯಿತು. ಮರುವರ್ಷ ಪ್ರಕಟವಾದ ಅಧ್ಯಯನವೊಂದು ಆ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿ ನೋಡಿದವರನ್ನೂ ಸ್ಫೋಟದ ಜಾಗದಲ್ಲೋ ಹತ್ತಿರದಲ್ಲೋ ಇದ್ದವರನ್ನೂ ಹೋಲಿಸಿತು. ತೀವ್ರ ಒತ್ತಡದ ಲಕ್ಷಣಗಳು ಸುದ್ದಿ ನೋಡಿದವರಲ್ಲೇ ಹೆಚ್ಚಾಗಿದ್ದವು.

ಇಪ್ಪತ್ನಾಲ್ಕು ಗಂಟೆಯೂ ಸುದ್ದಿ ಇರಲೇಬೇಕು ಅನ್ನುವುದೂ ತೀರಾ ಇತ್ತೀಚಿನ ಅಭ್ಯಾಸ. ಮೊದಲ ಇಪ್ಪತ್ನಾಲ್ಕು ಗಂಟೆ ಸುದ್ದಿ ಚಾನೆಲ್ ಸಿಎನ್‌ಎನ್ ಶುರುವಾದದ್ದು 1980ರಲ್ಲಿ. ಅದಕ್ಕೂ ಐವತ್ತು ವರ್ಷ ಮುಂಚೆ, 1930ರ ಏಪ್ರಿಲ್ 18ರ ಸಂಜೆ, ಬಿಬಿಸಿ ರೇಡಿಯೊ ವಾರ್ತೆಯ ಹೊತ್ತಿಗೆ ಸರಿಯಾಗಿ ಇವತ್ತು ಸುದ್ದಿ ಏನೂ ಇಲ್ಲ ಅಂತ ಹೇಳಿ ಪಿಯಾನೊ ಸಂಗೀತ ಹಾಕಿತ್ತು. ಈಗಿನ ಯಾವ ಸಂಪಾದಕನಿಗಿದೆ ಆ ಧೈರ್ಯ?

ಮಧ್ಯೆ ನೋಡಬೇಕು ಅನ್ನಿಸಿದರೆ ವಿಷಯವನ್ನು ಒಂದು ಕಡೆ ಬರೆದಿಡಿ, ನಿಮ್ಮ ಹೊತ್ತು ಬಂದಾಗ ಹುಡುಕಿ. ಬರೆದದ್ದರಲ್ಲಿ ಎಷ್ಟೋ ವಿಷಯ ಸಂಜೆಯ ಹೊತ್ತಿಗೆ ಬೇಡ ಅನ್ನಿಸಿರುತ್ತದೆ. ಶುರುವಿನಲ್ಲಿ ಕೈ ಚಡಪಡಿಸುತ್ತದೆ, ಅದು ಸಹಜ. ಸುದ್ದಿ ಆ್ಯಪ್‌ಗಳನ್ನು ಫೋನಿನಿಂದ ತೆಗೆದು ಕಂಪ್ಯೂಟರಿನಲ್ಲಿ ಮಾತ್ರ ಓದಿದರೆ, ಅಥವಾ ಪ್ರತಿ ಸಲ ಲಾಗ್‌ಔಟ್ ಮಾಡಿದರೆ, ಆ ಒಂದು ನಿಮಿಷದ ರಗಳೆಯೇ ಎಷ್ಟೋ ಸಲ ನಿಮ್ಮನ್ನು ತಡೆಯುತ್ತದೆ.

ಹಂತ 4: ಎರಡು ಮೂರು ಕಡೆ ಮಾತ್ರ ಆರಿಸಿಕೊಳ್ಳಿ

ಇದು ಅಪನಂಬಿಕೆ ಇರುವವರಿಗೆ. ಪತ್ರಿಕೆ, ಚಾನೆಲ್, ವೆಬ್‌ಸೈಟ್ ಯಾವುದೇ ಇರಲಿ, ನಂಬಬಹುದಾ ಅಂತ ನೋಡಲು ನಾನು ಮೊದಲು ಹುಡುಕುವುದು ತಿದ್ದುಪಡಿಯನ್ನು. ತಪ್ಪಾದಾಗ ಇಂಥದ್ದು ತಪ್ಪಾಗಿತ್ತು, ತಿದ್ದಿದ್ದೇವೆ ಅಂತ ಎದ್ದುಕಾಣುವ ಹಾಗೆ ಹಾಕುತ್ತಾರಾ, ಇಲ್ಲ ಸದ್ದಿಲ್ಲದೆ ಅಳಿಸಿಬಿಡುತ್ತಾರಾ? ತಪ್ಪು ಎಲ್ಲರೂ ಮಾಡುತ್ತಾರೆ, ಒಪ್ಪಿಕೊಳ್ಳುವವರು ಕಡಿಮೆ. ಆಮೇಲೆ ಬರೆದವರ ಹೆಸರು ಮತ್ತು ತಾರೀಕು ಇದೆಯಾ ನೋಡಿ. ವರದಿಯನ್ನೂ ಅಭಿಪ್ರಾಯವನ್ನೂ ಬೇರೆ ಬೇರೆ ಇಟ್ಟಿದ್ದಾರಾ ನೋಡಿ. ಕೋರ್ಟಿನ ತೀರ್ಪು, ಸರ್ಕಾರದ ಆದೇಶ, ಅಧ್ಯಯನ ಅಂತ ಬರೆದಾಗ ಮೂಲ ದಾಖಲೆಗೆ ಕೊಂಡಿ ಕೊಟ್ಟಿದ್ದಾರಾ ಅನ್ನುವುದೂ ಮುಖ್ಯ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮಜವಾಗಿದೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಒಂದಾದರೂ ಇರುತ್ತದಲ್ಲ, ನಿಮ್ಮ ಕಸುಬು, ನೀವು ಕಲಿತ ವಿದ್ಯೆ. ಆ ವಿಷಯದ ಬಗ್ಗೆ ಅವರು ಬರೆದದ್ದನ್ನು ಓದಿ. ಅಕೌಂಟೆಂಟ್ ಆದರೆ ಬಜೆಟ್ ವರದಿ, ನರ್ಸ್ ಆದರೆ ಆಸ್ಪತ್ರೆಯ ಸುದ್ದಿ. ನಿಮಗೆ ಗೊತ್ತಿರುವ ಕಡೆಯೇ ಬಾಯಿಗೆ ಬಂದದ್ದು ಬರೆದಿದ್ದರೆ, ಗೊತ್ತಿಲ್ಲದ ವಿಷಯದಲ್ಲಿ ಇನ್ನೇನು ಬರೆದಿರುತ್ತಾರೆ ಅಂತ ನೀವೇ ಊಹಿಸಿ.

ನನ್ನ ಸಲಹೆ ಕೇಳಿದರೆ ನಿಮ್ಮ ಭಾಷೆಯ ಒಂದು ದಿನಪತ್ರಿಕೆ, ಒಂದು ಸುದ್ದಿ ಸಂಸ್ಥೆ, ವಾರಕ್ಕೋ ಹದಿನೈದು ದಿನಕ್ಕೋ ಬರುವ ಒಂದು ಪತ್ರಿಕೆ, ಇಷ್ಟು ಸಾಕು. ಸುದ್ದಿ ಸಂಸ್ಥೆ ಅಂದರೆ ಪತ್ರಿಕೆ, ಚಾನೆಲ್‌ಗಳಿಗೇ ಸುದ್ದಿ ಒದಗಿಸುವವರು. 1846ರಲ್ಲಿ ಶುರುವಾದ ಎಪಿ, 1851ರ ರಾಯಿಟರ್ಸ್, 1944ರ ಎಎಫ್‌ಪಿ ಇಂಥವು. ಇವರ ಗಿರಾಕಿಗಳಲ್ಲಿ ಎಲ್ಲ ಪಕ್ಷದವರೂ ಇರುವುದರಿಂದ ಬರವಣಿಗೆ ಸಪ್ಪೆಯಾಗಿರುತ್ತದೆ. ಸಪ್ಪೆಯಾಗಿರುವುದೇ ನಮಗೆ ಬೇಕಾದ್ದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾಧ್ಯಮದವರೆಲ್ಲ ಸುಳ್ಳು ಅಂತ ಕೈತೊಳೆದುಕೊಂಡವರು ಸುದ್ದಿಯಿಂದ ದೂರ ಆಗುವುದಿಲ್ಲ. ಯಾರ ಹೆಸರೂ ಇಲ್ಲದ ಫಾರ್ವರ್ಡ್‌ಗೆ ಬಂದು ಬೀಳುತ್ತಾರೆ. ಪತ್ರಿಕೆಯ ಮೇಲೆ ಕೇಸಾದರೂ ಹಾಕಬಹುದು, ಫಾರ್ವರ್ಡ್ ಮೇಲೆ ಹಾಕೋದು ಹೇಗೆ? ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಅಂತ 1977ರಲ್ಲೇ ಮನಶ್ಶಾಸ್ತ್ರಜ್ಞರು ಪ್ರಯೋಗದಲ್ಲಿ ಕಂಡುಕೊಂಡಿದ್ದರು. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿತು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಕಳಿಸುವ ಸಾಧ್ಯತೆ ಶೇ 70ರಷ್ಟು ಜಾಸ್ತಿ ಇತ್ತು. ಹಾಗೆ ಕಳಿಸುತ್ತಿದ್ದವರು ಹೆಚ್ಚಾಗಿ ನಮ್ಮಂಥ ಜನರೇ, ಯಂತ್ರಗಳಲ್ಲ.

ಹಂತ 5: ಶೀರ್ಷಿಕೆ ಬಿಚ್ಚಿ ನೋಡಲು ಕಲಿಯಿರಿ

ಇದು ಕೈಗೆ ಕೂತರೆ ಓದಬೇಕಾದ್ದೇ ಕಡಿಮೆಯಾಗುತ್ತದೆ. ಒಂದು ಮಾದರಿ ನಾನೇ ಕಟ್ಟುತ್ತೇನೆ, ಇಂಥದ್ದು ನೀವು ದಿನಾ ನೋಡಿರುತ್ತೀರಿ:

'ಶಾಕಿಂಗ್! ತಡವಾಗಿ ಮಲಗುವವರಿಗೆ ಕಾದಿದೆಯಾ ಗಂಡಾಂತರ? ಡಬಲ್ ಆಗಲಿದೆ ಅಪಾಯ, ತಜ್ಞರು ಬಿಚ್ಚಿಟ್ಟ ಸತ್ಯ!'

'ಶಾಕಿಂಗ್' ಸುದ್ದಿಯಲ್ಲ, ನಿಮಗೆ ಏನನ್ನಿಸಬೇಕು ಅಂತ ಕೊಟ್ಟ ಆಜ್ಞೆ. ಅದನ್ನು ತೆಗೆಯಿರಿ. 'ಕಾದಿದೆಯಾ?' ಅಂತ ಕೇಳಿದ್ದಾರೆ, ಕಾದಿದೆ ಅಂತ ಹೇಳಿಲ್ಲ. ನಾಳೆ ಯಾರಾದರೂ ಪ್ರಶ್ನಿಸಿದರೆ ನಾವು ಬರೀ ಕೇಳಿದ್ದೆವು ಅಂತ ಜಾರಿಕೊಳ್ಳಬಹುದು. 'ತಜ್ಞರು' ಯಾರು? ಒಳಗೆ ಹೆಸರಿಲ್ಲದಿದ್ದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ. ಉಳಿದದ್ದು 'ಡಬಲ್'. ಯಾವುದರ ಡಬಲ್? ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತಿದ್ದ ಕಾಯಿಲೆ ಇಬ್ಬರಿಗೆ ಬಂದರೂ ಡಬಲ್, ನೂರರಲ್ಲಿ ಇಪ್ಪತ್ತು ಇದ್ದದ್ದು ನಲವತ್ತಾದರೂ ಡಬಲ್. ಮೊದಲನೆಯದಕ್ಕೆ ನಿದ್ದೆಗೆಡುವ ಅಗತ್ಯವಿಲ್ಲ. ಅಧ್ಯಯನ ನಡೆದದ್ದು ಮನುಷ್ಯರ ಮೇಲೋ ಇಲಿಗಳ ಮೇಲೋ ಅನ್ನುವುದು ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿರುತ್ತದೆ, ಇದ್ದರೆ!

ಯಾಕೆ ಹೀಗೆ ಬರೆಯುತ್ತಾರೆ ಅನ್ನುವುದು ಗುಟ್ಟೇನಲ್ಲ. ಅಪ್‌ವರ್ದಿ ಅನ್ನೋ ಸೈಟಿನ ಸಾವಿರಾರು ಶೀರ್ಷಿಕೆ ಪ್ರಯೋಗಗಳನ್ನು ಪರಿಶೀಲಿಸಿದ 2023ರ ಅಧ್ಯಯನವೊಂದರ ಪ್ರಕಾರ, ಸಾಧಾರಣ ಉದ್ದದ ಶೀರ್ಷಿಕೆಗೆ ಒಂದು ನಕಾರಾತ್ಮಕ ಪದ ಸೇರಿದರೆ ಕ್ಲಿಕ್ ಸುಮಾರು ಶೇ 2.3ರಷ್ಟು ಏರುತ್ತದೆ. ಜಾಹೀರಾತಿನ ದುಡ್ಡು ಕ್ಲಿಕ್ ಎಣಿಸಿ ಬರುವಾಗ ಹೆದರಿಸುವವನಿಗೇ ಲಾಭ.

'ಮೂಲಗಳ ಪ್ರಕಾರ', 'ಎನ್ನಲಾಗಿದೆ', 'ಹೇಳಲಾಗುತ್ತಿದೆ' ಬಂದ ಕಡೆ ಓದಿನ ವೇಗ ತಗ್ಗಿಸಿ. ಇವೆಲ್ಲ ಸುಳ್ಳು ಅಂತಲ್ಲ, ಇನ್ನೂ ಗಟ್ಟಿಯಾಗಿಲ್ಲ ಅಂತ ಅಷ್ಟೇ. ಫೋಟೊ ಮೇಲೆ ಅನುಮಾನ ಬಂದರೆ ಗೂಗಲ್ ಲೆನ್ಸ್‌ಗೆ ಕೊಡಿ, ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ತೋರಿಸುತ್ತದೆ. ಹಳೆಯ ಪ್ರವಾಹದ ಫೋಟೊಗಳಿಗೆ ಮಾತ್ರ ನಿವೃತ್ತಿಯೇ ಇಲ್ಲ, ಪ್ರತಿ ಮಳೆಗಾಲ ಡ್ಯೂಟಿಗೆ ಹಾಜರ್.

ಹಂತ 6: ಮನೆಯವರು, ಸ್ನೇಹಿತರು

ನೀವು ನಿಲ್ಲಿಸಿದರೂ ಅವರು ನಿಲ್ಲಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತಿದ್ದರೆ ಆ ಮೆಸೇಜ್ ತುಂಬಾ ಕೈ ದಾಟಿ ಬಂದಿದೆ ಅಂತ ಅರ್ಥ. ಅಂಥದ್ದು ಸುಳ್ಳು ಅಂತ ಗೊತ್ತಾದರೆ ಗ್ರೂಪಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ, ಹಿರಿಯರಿಗಂತೂ ಅದು ಅವಮಾನ. 'ಮಾವ, ಆ ವಿಡಿಯೊ ಹಳೇದಂತೆ, ಇಲ್ಲಿ ನೋಡಿ' ಅಂತ ಅವರೊಬ್ಬರಿಗೇ ಕಳಿಸಿ. ಅಳಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಯಾರಾದರೂ 'ಅದು ನೋಡಿದ್ಯಾ?' ಅಂತ ಕೇಳಿದರೆ 'ಇಲ್ಲ, ಏನಾಯ್ತು ಹೇಳು' ಅನ್ನಿ. ಒಂದೇ ನಿಮಿಷದಲ್ಲಿ ಸಾರಾಂಶ ಸಿಗುತ್ತದೆ, ಹೇಳಿದವರಿಗೂ ಖುಷಿ.

ಸುದ್ದಿ ಕಡಿಮೆ ಮಾಡಿದ ಮೇಲೂ ನಿದ್ದೆ ಬರುತ್ತಿಲ್ಲ, ಎದೆ ಡವಡವ ನಿಲ್ಲುತ್ತಿಲ್ಲ ಅಂದರೆ ಕಾರಣ ಸುದ್ದಿಯೊಂದೇ ಅಲ್ಲದಿರಬಹುದು. ಡಾಕ್ಟರನ್ನು ನೋಡಿ.

ಹಂತ 7: ದೊಡ್ಡದೇನಾದರೂ ಆದಾಗ

ಚಂಡಮಾರುತ, ಪ್ರವಾಹ, ಸಾಂಕ್ರಾಮಿಕ ರೋಗ, ಯುದ್ಧ, ಚುನಾವಣೆ. ಇಂಥ ಹೊತ್ತಿನಲ್ಲಿ ಮೇಲಿನ ನಿಯಮ ಸಡಿಲಿಸಬೇಕಾಗುತ್ತದೆ, ಹೇಗೆ ಸಡಿಲಿಸಬೇಕು ಅಂತ ಈಗಲೇ ಯೋಚಿಸಿಡಿ. ಘಟನೆ ನಿಮ್ಮನ್ನೋ ನಿಮ್ಮವರನ್ನೋ ನೇರವಾಗಿ ತಟ್ಟುವುದಾದರೆ ಹವಾಮಾನ ಇಲಾಖೆ, ಆರೋಗ್ಯ ಇಲಾಖೆ, ಚುನಾವಣಾ ಆಯೋಗದಂಥ ಮೂಲಗಳನ್ನೇ ನೇರವಾಗಿ ನೋಡಿ. ಅವು ಸಾಮಾನ್ಯವಾಗಿ ಪ್ರಕಟಣೆ ಕೊಡುವುದು ಗೊತ್ತಾದ ಹೊತ್ತಿಗೆ, ತುರ್ತು ಎಚ್ಚರಿಕೆ ಬಿಟ್ಟರೆ ಮಧ್ಯದಲ್ಲಿ ಹತ್ತು ಸಲ ನೋಡಿದರೂ ಹೊಸದು ಸಿಗುವುದು ಕಡಿಮೆ. ವಿಪತ್ತಿನ ಎಚ್ಚರಿಕೆ ಕೊಡುವ ಸರ್ಕಾರಿ ಅಲರ್ಟ್‌ಗಳನ್ನು ಯಾವತ್ತೂ ಆಫ್ ಮಾಡಬೇಡಿ, ಅವು ಸುದ್ದಿಯ ನೋಟಿಫಿಕೇಷನ್ ಲೆಕ್ಕಕ್ಕೆ ಬರುವುದಿಲ್ಲ.

ನೇರವಾಗಿ ತಟ್ಟದಿದ್ದರೆ ದಿನಕ್ಕೆ ಒಂದು ಸಲದ ಬದಲು ಎರಡು ಸಲ ಮಾಡಿಕೊಳ್ಳಿ. ವಿಡಿಯೊ ಬಿಟ್ಟು ಬರಹ ಮಾತ್ರ ಓದಿ. ಏನಾದರೂ ಮಾಡಬೇಕು ಅನ್ನಿಸಿದರೆ ಗೊತ್ತಿರುವ ಸಂಸ್ಥೆಗೆ ಒಂದಿಷ್ಟು ಹಣ ಕಳಿಸಿ, ರಕ್ತ ಕೊಡಿ, ಅಲ್ಲಿರುವ ಪರಿಚಯದವರಿಗೆ ಫೋನ್ ಮಾಡಿ. ಮತ್ತೆ ಮಾಮೂಲಿಗೆ ಮರಳುವ ತಾರೀಕನ್ನು ಸಡಿಲಿಸಿದ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ದಿನ ಎರಡನೇ ಹಂತದ ಸೆಟ್ಟಿಂಗ್‌ಗಳನ್ನು ಇನ್ನೊಮ್ಮೆ ನೋಡಿ, ಗಡಿಬಿಡಿಯಲ್ಲಿ ಹಾಕಿಕೊಂಡ ಹೊಸ ಆ್ಯಪ್ ಒಂದಾದರೂ ಸಿಗುತ್ತದೆ.